ಕೊಂಡ ಹಾಡಿಗೆ ಕಾಲಿಲ್ಲ

ಬಲಸಮುದ್ರ ಎಂಬ ಊರಿನ ಹೆಸರಲ್ಲಿರುವ ಸಮುದ್ರ ಎಂದರೆ ಕೆರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲಿನಲ್ಲಿ ತುಂಬಿದ ಕೆರೆಗಿಂತ ದೊಡ್ಡ ನೀರನ್ನು ಕಂಡವರು ಯಾರು? ಆ ಕೆರೆ ಏರಿಯ ಮೇಲೆ 2008ರ ಸುಮಾರಿನ ಒಂದು ಸಂಜೆ ನಾನೂ ನನ್ನ ಗೆಳೆಯನೂ ಎರಡು ಮೊಬೈಲುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿದು ಕೂತಿದ್ದೆವು. ಬ್ಲೂಟೂತ್ ಗಾಳಿಯಲ್ಲಿ ಹೋಗುತ್ತದೆ, ತಾಗಿಸಬೇಕಾಗಿಲ್ಲ. ಆದರೂ ತಾಗಿಸಿದರೆ ಹಾಡು ಬೇಗ ದಾಟುತ್ತದೆ ಎಂಬುದು ಆಗಿನ ನಮ್ಮ ನಂಬಿಕೆ.

ದಾಟಬೇಕಾಗಿದ್ದದ್ದು ನಾನು ಕೊಂಡ ರಿಂಗ್‌ಟೋನ್. ಮೊಬೈಲ್ ಕಂಪನಿ ಕೊಟ್ಟಿದ್ದ ನಂಬರಿಗೆ ಮೆಸೇಜ್ ಕಳಿಸಿದ್ದೆ. ಕರೆನ್ಸಿಯಲ್ಲಿ ₹15 ಕಟ್ಟಾಗಿ ಹಾಡು ಬಂದಿತ್ತು. ನನ್ನದೇ ದುಡ್ಡು, ನನ್ನದೇ ಫೋನು. ಆದರೆ ‘ಸೆಂಡ್’ ಒತ್ತಿದರೆ, ಇದು ರಕ್ಷಿತ ಫೈಲು, ಕಳಿಸಲು ಬರುವುದಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ತೋರಿಸಿ ಫೋನು ಸುಮ್ಮನಾಯಿತು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ ಸಾಲು. ಕೊನೆಗೆ ಗೆಳೆಯ ತನ್ನ ಫೋನಿನಿಂದ ಬೇರೊಂದು ಹಾಡು ಕಳಿಸಿ ನೋಡಿದ. ಪೇಟೆಯ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದಿದ್ದ ನೂರಾರು ಹಾಡುಗಳಲ್ಲಿ ಅದೊಂದು. ಜೇಬಿನ ಕಡಲೆಕಾಯಿ ನಾಲ್ಕು ಸುಲಿಯುವಷ್ಟರಲ್ಲಿ ನನ್ನ ಫೋನಿನಲ್ಲಿತ್ತು.

‘ಏನ್ಲಾ ಇದು! ದುಡ್ಡು ಕೊಟ್ಟು ತಗಂಡಿದ್ದು ಕದಲಲ್ಲ ಅಂತದೆ, ಪುಕ್ಸಟ್ಟೆ ಬಂದಿದ್ದು ಓಡೋಡಿ ಬರ್ತದೆ!’ ಎಂದ ಗೆಳೆಯ.

ಅವನು ತಮಾಷೆಗೆ ಅಂದಿದ್ದು. ಆ ಮಾತಿನ ಬೆನ್ನು ಹತ್ತಿದರೆ ಜಪಾನು, ಜರ್ಮನಿ, ಅಮೆರಿಕ ಎಲ್ಲ ಸುತ್ತಿ ಬರಬೇಕಾಗುತ್ತದೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಹಾಡಿಗೆ ಬೀಗ ಹಾಕಬಹುದೆಂದು ಕಂಡುಕೊಂಡವರು ಒಂದಷ್ಟು ಜನ, ಆ ಬೀಗದಲ್ಲಿ ಹುರುಳಿಲ್ಲವೆಂದು ಕಂಡುಕೊಂಡವರು ಇನ್ನೊಂದಷ್ಟು ಜನ. ಇಬ್ಬರ ಕತೆಯೂ ಒಂದೇ ದಾರದಲ್ಲಿ ಪೋಣಿಸಿಕೊಂಡಿದೆ.

ಬೀಗವೇ ಬೇಡವಾಗಿದ್ದ ಕಾಲ

ಈ ಸೀಮೆಯ ಕಾಡುಗೊಲ್ಲರು ಗಣೆ ಊದುತ್ತಾ ಜುಂಜಪ್ಪನ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಕೂತು ಕೇಳಿದವನು ಕಲಿತುಕೊಂಡರೆ ಹಾಡು ಇಬ್ಬರದಾಯಿತು, ಹಾಡಿದವನದೇನೂ ಕಮ್ಮಿಯಾಗಲಿಲ್ಲ. ಕೊಟ್ಟಷ್ಟೂ ಉಳಿಯುವ ವಸ್ತು ಎಂದರೆ ಹಾಡೇ. ಅದನ್ನು ಅಂಗಡಿಯಲ್ಲಿಟ್ಟು ಮಾರುವವನಿಗೆ ತಲೆನೋವಾಗುವುದೂ ಅದರ ಈ ಗುಣವೇ.

ಗ್ರಾಮಫೋನ್ ಪ್ಲೇಟಿನ ಕಾಲದಲ್ಲಿ ಆ ತಲೆನೋವು ಇರಲಿಲ್ಲ. ಮನೆಯಲ್ಲಿ ಪ್ಲೇಟು ಅಚ್ಚು ಹಾಕಲು ಯಾರಿಂದಾದೀತು? ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ತಂಡ 1963ರಲ್ಲಿ ಕ್ಯಾಸೆಟ್ಟನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟ ಮೇಲೆ ಲೆಕ್ಕ ಬದಲಾಯಿತು. ಕೇಳುವ ಯಂತ್ರವೇ ತುಂಬಿಸಿಕೊಳ್ಳುವ ಯಂತ್ರವೂ ಆಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬಂದಾಗ ಕನ್ನಡದ ಭಾವಗೀತೆಯೂ ಕ್ಯಾಸೆಟ್ ಏರಿತು. ಒಬ್ಬರು ಕೊಂಡು ತಂದದ್ದನ್ನು ಬೀದಿಯೆಲ್ಲ ಕೇಳುವುದು, ಡಬಲ್ ಡೆಕ್ ಇದ್ದವರ ಮನೆಯಲ್ಲಿ ಇನ್ನೊಂದಕ್ಕೆ ತುಂಬಿಸಿಕೊಳ್ಳುವುದು ಊರೂರಲ್ಲಿ ಸಾಮಾನ್ಯವಾಯಿತು.

ಕ್ಯಾಸೆಟ್ಟಿನ ಬೆನ್ನಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತಿದ್ದವು. ಅವನ್ನು ಮುರಿದರೆ ಅಲ್ಲಿ ತೂತಾಗಿ, ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಬಟನ್ ಇಳಿಯುತ್ತಿರಲಿಲ್ಲ. ಕಂಪನಿಯ ಕ್ಯಾಸೆಟ್ಟುಗಳು ತೂತು ಮಾಡಿಕೊಂಡೇ ಬರುತ್ತಿದ್ದವು. ನಾವು ಆ ತೂತಿಗೆ ಒಂದು ಚೂರು ಕಾಗದ ತುರುಕಿ, ಮೇಲೆ ಗಮ್ ಟೇಪ್ ಅಂಟಿಸಿ, ಹಳೇ ಸಿನಿಮಾ ಹಾಡಿನ ಮೇಲೆ ಮದುವೆ ಮನೆಯ ಸೋಬಾನೆ ತುಂಬಿಸಿಕೊಳ್ಳುತ್ತಿದ್ದೆವು. ಹಾಡಿನ ಸುರುಳಿಗೆ ನಾನು ಕಂಡ ಮೊದಲ ಬೀಗ ಅದು. ಆದರೆ ಅದು ಇದ್ದದ್ದು ಇರುವ ಹಾಡು ಅಳಿಸಿಹೋಗದಿರಲಿ ಎಂದು; ನಕಲು ತೆಗೆಯುವವನಿಗೆ ಅದರಿಂದ ಅಡ್ಡಿಯಿರಲಿಲ್ಲ.

ನಕಲಿಗೆ ಅಡ್ಡಿ ಮಾಡುತ್ತಿದ್ದದ್ದು ಟೇಪಿನ ಹುಟ್ಟುಗುಣ. ಒಂದರಿಂದ ಇನ್ನೊಂದಕ್ಕೆ ಇಳಿಸಿದಾಗಲೆಲ್ಲ ‘ಸುಸ್’ ಎನ್ನುವ ಸದ್ದು ಒಂದು ಪಟ್ಟು ಏರುತ್ತಿತ್ತು. ನಾಲ್ಕನೇ ಕೈಗೆ ಬರುವಷ್ಟರಲ್ಲಿ ಹಾಡುಗಾರ ನೆಗಡಿ ಹಿಡಿದವನಂತೆ ಕೇಳಿಸುತ್ತಿದ್ದ. ಹತ್ತಿರದ ಗೆಳೆಯನಿಗೆ ಕೊಟ್ಟರೆ ಪರವಾಗಿಲ್ಲ, ಊರಾಚೆ ಹೋಗುವಷ್ಟರಲ್ಲಿ ಹಾಡೇ ಸವೆದಿರುತ್ತಿತ್ತು. ಯಾರೂ ಯೋಜಿಸದೆ ಸಿಕ್ಕಿದ ಈ ಏರ್ಪಾಡಿನಲ್ಲಿ ಸ್ನೇಹಕ್ಕೂ ಜಾಗವಿತ್ತು, ವ್ಯಾಪಾರಕ್ಕೂ ಉಸಿರಿತ್ತು.

ಹತ್ತು ಎಂಬಿಯ ಬೀಗ

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸಿಡಿಯನ್ನು ಮಾರುಕಟ್ಟೆಗೆ ತಂದವು. ಸದ್ದನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ ಬರೆದಿಡುವುದು ಅದರ ವಿಧಾನ. ಅಂಕಿಗೆ ಸವಕಳಿಯಿಲ್ಲ. ಸಾವಿರ ಸಲ ಪ್ರತಿ ಮಾಡಿದರೂ ಸಾವಿರದೊಂದನೆಯದು ಮೊದಲನೆಯದರಂತೆಯೇ ಇರುತ್ತದೆ. ಹೀಗಿದ್ದೂ ಸಿಡಿಗೆ ಯಾವ ಗೂಢಲಿಪಿಯನ್ನೂ ಹಾಕಲಿಲ್ಲ. ಯಾಕೆಂದರೆ ಆ ಲೆಕ್ಕದಲ್ಲಿ ಒಂದು ನಿಮಿಷದ ಹಾಡಿಗೆ 10 ಎಂಬಿಗೂ ಹೆಚ್ಚು ಜಾಗ ಬೇಕು. 1983ರಲ್ಲಿ ಐಬಿಎಂ ಹೊರತಂದ ‘ಎಕ್ಸ್‌ಟಿ’ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇದ್ದದ್ದೇ 10 ಎಂಬಿ. ಪಲ್ಲವಿ ಮುಗಿಯುವ ಮೊದಲೇ ಡಿಸ್ಕ್ ತುಂಬಿಹೋಗುತ್ತಿತ್ತು. ಹಾಡಿನ ಗಾತ್ರವೇ ಹಾಡಿನ ಬೀಗ.

ಅದನ್ನು ಒಡೆದದ್ದು ಜರ್ಮನಿಯ ಎರ್ಲಾಂಗೆನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕೂತಿದ್ದ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು. ತಮಟೆ ಬಡಿಯುವಾಗ ಪಕ್ಕದವನ ಪಿಸುಮಾತು ಕಿವಿಗೆ ಬೀಳುವುದಿಲ್ಲ. ಹಾಗೆ ಕಿವಿಗೆ ಬೀಳದ ಸದ್ದನ್ನು ಬರೆದಿಡುವುದೇಕೆ ಎಂಬುದು ಅವರ ಹೊಳಹು. ಅಂಥದ್ದನ್ನೆಲ್ಲ ಬಿಟ್ಟರೆ ಹಾಡು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. ಸುಝಾನ್ ವೇಗಾ ವಾದ್ಯಗಳಿಲ್ಲದೆ ಬರಿ ದನಿಯಲ್ಲಿ ಹಾಡಿದ ‘ಟಾಮ್ಸ್ ಡೈನರ್’ ಹಾಡನ್ನು ಮತ್ತೆ ಮತ್ತೆ ಕೇಳಿ, ದನಿ ಎಲ್ಲಿ ಒಡಕಾಗುತ್ತದೆ ಎಂದು ನೋಡಿ ಲೆಕ್ಕವನ್ನು ತಿದ್ದಿಕೊಂಡರು. 1995ರ ಜುಲೈ 14ರಂದು ಆ ಫೈಲಿಗೆ ‘ಎಂಪಿ3’ ಎಂಬ ಬಾಲ ಗೊತ್ತಾಯಿತು. ನಿಮಿಷಕ್ಕೆ 10 ಎಂಬಿ ಇದ್ದದ್ದು ಹೆಚ್ಚುಕಮ್ಮಿ 1 ಎಂಬಿ ಆಯಿತು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಹುಡುಗ ‘ನ್ಯಾಪ್‌ಸ್ಟರ್’ ಮಾಡಿದ ಮೇಲಂತೂ ಒಬ್ಬರ ಕಂಪ್ಯೂಟರಿನ ಹಾಡು ಕಂಡರಿಯದ ಲಕ್ಷಾಂತರ ಜನರಿಗೆ ಸಿಗತೊಡಗಿತು. ಗೆಳೆಯನಿಗೆ ಕೊಡುವುದಕ್ಕೂ ಊರಿಗೆಲ್ಲ ಹಂಚುವುದಕ್ಕೂ ನಡುವೆ ಇದ್ದ ಗೆರೆ ಅಳಿಸಿಹೋಯಿತು.

ಕಂಪನಿಗಳು ಗಾಬರಿಯಾದದ್ದರಲ್ಲಿ ತಪ್ಪಿಲ್ಲ. ಹಾಡಿದವರು, ಬರೆದವರು, ತಬಲ ನುಡಿಸಿದವರು ಎಲ್ಲರ ಅನ್ನ ಅದರಲ್ಲಿತ್ತು. ಆದರೆ ಗಾಬರಿಯಲ್ಲಿ ಹುಡುಕಿದ ಮದ್ದು ಒಂದೇ: ಅಳಿಸಿಹೋದ ಗೆರೆಯನ್ನು ಯಂತ್ರವೇ ಎಳೆಯಲಿ.

ಬೀಗ ಮಾಡಿದವನ ಮನಸ್ಸು

ಸೋಜಿಗವೆಂದರೆ, ಈ ಬಗೆಯ ಬೀಗವನ್ನು ಬಹು ಮೊದಲೇ ಯೋಚಿಸಿದವರಿಗೆ ಹಂಚುವುದನ್ನು ತಡೆಯುವ ಇರಾದೆ ಇರಲಿಲ್ಲ. ಜಪಾನಿನ ರಿಯೋಇಚಿ ಮೋರಿ 1983ರಲ್ಲಿ ಕಂಪ್ಯೂಟರ್ ಪ್ರೋಗ್ರಾಮುಗಳ ಬಗ್ಗೆ ಹೇಳಿದ್ದು ಸರಳವಾದ ಮಾತು: ನಕಲು ಮಾಡಿದ್ದನ್ನು ಪತ್ತೆ ಹಚ್ಚುವುದು ಕಷ್ಟ, ಬಳಸಿದ್ದನ್ನು ಲೆಕ್ಕ ಇಡುವುದು ಸುಲಭ. ಹಾಗಿದ್ದ ಮೇಲೆ ನಕಲು ಮಾಡಲಿ ಬಿಡಿ, ಬಳಸಿದಾಗ ಕಾಸು ಬಂದರೆ ಸಾಕು. ಇದಕ್ಕೆ ‘ಸೂಪರ್ ಡಿಸ್ಟ್ರಿಬ್ಯೂಷನ್’ ಎಂದು ಹೆಸರಾಯಿತು. ಮೋರಿಯವರ ಲೆಕ್ಕದಲ್ಲಿ ಗೆಳೆಯನಿಗೆ ಕೊಡುವವನು ಕಳ್ಳನಲ್ಲ, ಸಂಬಳವಿಲ್ಲದ ಸೇಲ್ಸ್‌ಮನ್.

ಈ ವಿಚಾರ ಮೊಬೈಲಿಗೂ ಬಂತು. 2002ರಲ್ಲಿ ಹುಟ್ಟಿದ ‘ಓಪನ್ ಮೊಬೈಲ್ ಅಲಯನ್ಸ್’ ಎಂಬ ಕಂಪನಿಗಳ ಕೂಟ ರಿಂಗ್‌ಟೋನು, ಹಾಡು, ಆಟಗಳಿಗೆ ಮೂರು ಬಗೆಯ ಕಾವಲು ಹೇಳಿತು. ಮೊದಲನೆಯದರಲ್ಲಿ, ಬಂದ ಫೈಲು ಬಂದ ಫೋನಿನಲ್ಲೇ ಇರಬೇಕು. ಎರಡನೆಯದರಲ್ಲಿ, ಎಷ್ಟು ಸಲ, ಎಷ್ಟು ದಿನ ಕೇಳಬಹುದು ಎಂಬ ಷರತ್ತು ಫೈಲಿನ ಜೊತೆಗೇ ಬರುತ್ತದೆ. ಮೂರನೆಯದರಲ್ಲಿ ಹಾಡು ಗೂಢಲಿಪಿಯಲ್ಲಿರುತ್ತದೆ, ಕೀಲಿ ಬೇರೆ ದಾರಿಯಲ್ಲಿ ಬರುತ್ತದೆ. ಅಲ್ಲಿ ಮೋರಿ ಹೇಳಿದಂತೆ ಹಾಡನ್ನು ಗೆಳೆಯನಿಗೆ ಕಳಿಸಬಹುದು, ಅವನು ತನ್ನ ಕೀಲಿಯನ್ನು ತಾನು ಕೊಳ್ಳಬೇಕು.

ಏರಿಯ ಮೇಲೆ ನನಗೆ ಎದುರಾದದ್ದು ಮೊದಲನೆಯದು, ‘ಫಾರ್ವರ್ಡ್ ಲಾಕ್’. ಅದರ ಒಳಗುಟ್ಟು ತಿಳಿದಾಗ ನಗು ಬಂತು. ಅದರಲ್ಲಿ ಗೂಢಲಿಪಿಯೇ ಇಲ್ಲ. ಹಾಡು ಇದ್ದಂತೆಯೇ ಇರುತ್ತದೆ. ಸುತ್ತ ಒಂದು ಲಕೋಟೆ, ಲಕೋಟೆಯ ಮೇಲೆ ‘ಮುಂದಕ್ಕೆ ಕೊಡಬೇಡ’ ಎಂಬ ಒಕ್ಕಣೆ. ಫೋನು ಅದನ್ನು ಓದಿ ತಲೆಬಾಗುತ್ತದೆ, ಅಷ್ಟೇ. ನನ್ನನ್ನು ತಡೆದದ್ದು ಬೀಗವಲ್ಲ, ಒಂದು ಚೀಟಿ.

ಕಂಡವರು ಬರಿಗಣ್ಣಲ್ಲೇ ಕಂಡರು

ಅಮೆರಿಕದ ಹಾಡಿನ ಕಂಪನಿಗಳು, ಯಂತ್ರ ತಯಾರಕರು ಸೇರಿ 1998ರ ಕೊನೆಗೆ ‘ಎಸ್‌ಡಿಎಂಐ’ ಎಂಬ ಕೂಟ ಕಟ್ಟಿದರು. ಅದರ ಮುಂದಾಳು ಲಿಯೊನಾರ್ಡೊ ಕಿಯಾರಿಲ್ಯೋನೆ. ಎಂಪಿ3 ಹುಟ್ಟಿದ ‘ಎಂಪೆಗ್’ ಸಮಿತಿಯನ್ನು ಕಟ್ಟಿದವರೂ ಅವರೇ. ತೊಟ್ಟಿಲು ತೂಗಿದ ಕೈಗೇ ಕೋಲು ಹಿಡಿಯುವ ಕೆಲಸ ಬಂತು. ಹಾಡಿನೊಳಗೆ ಕಿವಿಗೆ ಕೇಳದ ಗುರುತನ್ನು ಹುದುಗಿಸಿಡುವುದು, ಆ ಗುರುತು ಕಂಡ ಯಂತ್ರ ನಕಲಿಗೆ ಒಪ್ಪದಂತೆ ಮಾಡುವುದು ಅವರ ಉಪಾಯ. 2000ದ ಸೆಪ್ಟೆಂಬರಿನಲ್ಲಿ, ಕೈಲಾದರೆ ಒಡೆಯಿರಿ ಎಂದು ಜಗತ್ತಿಗೇ ಪಂಥ ಹಾಕಿದರು. ಸಮಯ ಮೂರು ವಾರ, ಬಹುಮಾನ 10,000 ಡಾಲರ್.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಗೆಳೆಯರು ಪಂಥಕ್ಕೆ ಇಳಿದರು. ಕೊಟ್ಟದ್ದು ಕೆಲವು ಹಾಡಿನ ತುಣುಕು: ಗುರುತಿಲ್ಲದ್ದೊಂದು, ಅದೇ ಹಾಡು ಗುರುತು ಹಾಕಿದ್ದು, ಗುರುತು ಹಾಕಿದ ಬೇರೆ ಹಾಡು. ಇವರು ಮೊದಲೆರಡನ್ನು ಒಂದರಲ್ಲೊಂದು ಕಳೆದರು. ಉಳಿದದ್ದು ಗುರುತೇ ಅಲ್ಲವೆ? ಒಂದು ಬಗೆಯಲ್ಲಿ ಗುರುತೆಂದರೆ ಹಾಡಿನ ಬೆನ್ನಿಗೇ ಬರುವ ಸಣ್ಣ ಪ್ರತಿಧ್ವನಿ ಎಂದು ಗೊತ್ತಾಯಿತು. ಕಂಡದ್ದನ್ನು ಬರೆದು ಪ್ರಕಟಿಸುವ ಹಕ್ಕು ಉಳಿಯಲಿ ಎಂದು ಬಹುಮಾನದ ಹಣವನ್ನು ಬಿಟ್ಟುಕೊಟ್ಟರು. 2001ರ ಏಪ್ರಿಲ್‌ನಲ್ಲಿ ಪ್ರಬಂಧ ಓದಲು ಹೊರಟಾಗ ಕಾನೂನಿನ ಬೆದರಿಕೆಯ ಕಾಗದ ಬಂತು. ಓದದೆ ಹಿಂದೆ ಸರಿದರು. ಅದೇ ಆಗಸ್ಟಿನಲ್ಲಿ ಬೇರೊಂದು ಸಮ್ಮೇಳನದಲ್ಲಿ ಓದಿಯೇ ಬಿಟ್ಟರು.

ಮುಂದಿನ ಎರಡು ಸಂಗತಿಗಳಿಗೆ ವಿಶ್ವವಿದ್ಯಾಲಯವೂ ಬೇಕಿರಲಿಲ್ಲ. ಕಂಪ್ಯೂಟರಿನಲ್ಲಿ ಓಡದ ಸಿಡಿಗಳು ಆಗ ಬಂದಿದ್ದವು. ಸಿಡಿಯ ಹೊರ ಅಂಚಿನಲ್ಲಿ ಒಂದು ಸುಳ್ಳು ಸುತ್ತು ಬರೆದಿಟ್ಟು ಕಂಪ್ಯೂಟರನ್ನು ದಿಕ್ಕು ತಪ್ಪಿಸುವುದು ಅದರ ಯುಕ್ತಿ. 2002ರ ಮೇ ತಿಂಗಳಲ್ಲಿ ಸುದ್ದಿಯಾದದ್ದೇನೆಂದರೆ, ಸಾಮಾನ್ಯ ಮಾರ್ಕರ್ ಪೆನ್ನಿನಿಂದ ಆ ಅಂಚಿಗೆ ಮಸಿ ಬಳಿದರೆ ಕಂಪ್ಯೂಟರು ಹಾಡನ್ನು ಸುಸೂತ್ರವಾಗಿ ಓದುತ್ತದೆ! ಮರುವರ್ಷದ ಅಕ್ಟೋಬರಿನಲ್ಲಿ ಫೆಲ್ಟನ್ನರ ಶಿಷ್ಯ ಅಲೆಕ್ಸ್ ಹಾಲ್ಡರ್‌ಮನ್ ಇನ್ನೊಂದು ಬಗೆಯ ಸಿಡಿಯನ್ನು ಪರೀಕ್ಷಿಸಿದರು. ಸಿಡಿ ಹಾಕುವಾಗ ಕೀಬೋರ್ಡಿನ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಸಾಕು, ಕಾವಲಿನ ಪ್ರೋಗ್ರಾಂ ಎದ್ದೇಳುವುದೇ ಇಲ್ಲ. ಆ ಬೀಗ ಮಾಡಿದ ಸನ್‌ಕಾಮ್ ಕಂಪನಿ ಕೋರ್ಟಿಗೆಳೆಯುತ್ತೇನೆ ಎಂದಿತು, ಮರುದಿನವೇ ಮಾತು ಹಿಂದೆ ತೆಗೆದುಕೊಂಡಿತು. ಕೀಲಿಯೊಂದನ್ನು ಒತ್ತಿದವನ ಮೇಲೆ ಯಾವ ಮೊಕದ್ದಮೆ ನಿಲ್ಲುತ್ತದೆ?

ನೀರುಗಂಟಿಯೂ ಐದು ಕಂಪ್ಯೂಟರೂ

ಇವೆಲ್ಲಕ್ಕಿಂತ ಅಚ್ಚುಕಟ್ಟಾದ ಬೀಗ ಮಾಡಿದ್ದು ಆಪಲ್. 2003ರ ಏಪ್ರಿಲ್ 28ರಂದು ತೆರೆದ ಐಟ್ಯೂನ್ಸ್ ಅಂಗಡಿಯಲ್ಲಿ ಹಾಡೊಂದಕ್ಕೆ 99 ಸೆಂಟ್. ಹಾಡು ಒಂದು ಕೀಲಿಯಿಂದ ಮುಚ್ಚಿರುತ್ತಿತ್ತು, ಆ ಕೀಲಿಯೋ ಹಾಡು ಕೊಂಡವನ ಹೆಸರಿನ ಇನ್ನೊಂದು ಕೀಲಿಯಿಂದ ಮುಚ್ಚಿರುತ್ತಿತ್ತು. ಈ ಎರಡನೆಯದು ಒಪ್ಪಿಗೆ ಪಡೆದ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಮೊದಲು ಮೂರು ಕಂಪ್ಯೂಟರಿಗೆ ಒಪ್ಪಿಗೆಯಿತ್ತು, 2004ರಲ್ಲಿ ಐದಾಯಿತು. ಒಂದೇ ಹಾಡುಪಟ್ಟಿಯನ್ನು ಹತ್ತು ಸಲ ಸಿಡಿಗೆ ಇಳಿಸಬಹುದಾಗಿದ್ದದ್ದು ಏಳಕ್ಕಿಳಿಯಿತು. ಹಾಗೆ ಇಳಿಸಿದ ಸಿಡಿಗೆ ಬೀಗವೇ ಇರುತ್ತಿರಲಿಲ್ಲ! ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಸುಮ್ಮನೆ ಒರಗಿಸಿಟ್ಟಂತೆ.

ನಮ್ಮ ಕಡೆ ಕೆರೆಯ ತೂಬು ನೀರುಗಂಟಿಯ ಕೈಯಲ್ಲಿರುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ಎಂಬ ಕಟ್ಟಳೆ ಅವನಿಗೆ ಬಾಯಿಪಾಠ. ಆದರೂ ಕೊನೆಯ ತಾಕಿನ ಪೈರು ಬಾಡುತ್ತಿದೆ, ನನ್ನ ಸರದಿಯ ನೀರನ್ನು ಭಾವನ ಕಡೆಗೆ ತಿರುಗಿಸಿಕೊಡು ಎಂದರೆ ಕೇಳಿಸಿಕೊಳ್ಳುತ್ತಿದ್ದ. ಯಾರು ಯಾರಿಗೆ ಏನಾಗಬೇಕು ಎಂದು ಅವನಿಗೆ ಗೊತ್ತಿತ್ತು. ಕಂಪ್ಯೂಟರಿನ ಬೀಗಕ್ಕೆ ಐದರವರೆಗೆ ಎಣಿಸಲು ಬರುತ್ತದೆ, ನೆಂಟಸ್ತಿಕೆ ತಿಳಿಯುವುದಿಲ್ಲ. ಆರನೆಯವನು ತಂಗಿಯೋ ತಲೆ ಮಾಸಿದವನೋ, ಅದಕ್ಕೆ ಎರಡೂ ಒಂದೇ.

2006ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತಂದ ‘ಝೂನ್’ ಎಂಬ ಹಾಡುಪೆಟ್ಟಿಗೆ, ಗೆಳೆಯನಿಗೆ ಹಾಡು ಕಳಿಸಲು ಬಿಡುತ್ತೇನೆ ಎಂದು ಹೆಮ್ಮೆಯಿಂದ ಹೇಳಿತು. ಷರತ್ತೇನು? ಕಳಿಸಿದ ಹಾಡನ್ನು ಮೂರು ಸಲ ಕೇಳಬಹುದು, ಇಲ್ಲವೇ ಮೂರು ದಿನ ಇಟ್ಟುಕೊಳ್ಳಬಹುದು. ಯಾವುದು ಮೊದಲೋ ಅದು. ಸ್ನೇಹವನ್ನು ಅಳೆದು ಕೊಡಲು ಹೊರಟ ಆ ಯಂತ್ರ ಹೆಚ್ಚು ದಿನ ಬಾಳಲಿಲ್ಲ.

ಅಟ್ಟದ ಮೇಲೆ ಸಿಕ್ಕಿದ ಕಾವಲುಗಾರ

ಈ ಕತೆಯ ದೊಡ್ಡ ಪತ್ತೆದಾರಿ ನಡೆದದ್ದು 2005ರಲ್ಲಿ. ಮಾರ್ಕ್ ರಸಿನೋವಿಚ್ ವಿಂಡೋಸ್‌ನ ಒಳಹೊರಗನ್ನು ಅಂಗೈಗೆರೆಯಂತೆ ಬಲ್ಲ ಎಂಜಿನಿಯರ್. ಕಳ್ಳ ಪ್ರೋಗ್ರಾಮುಗಳು ಕಂಪ್ಯೂಟರಿನ ತಳದಲ್ಲಿ ಕೂತು ತಮ್ಮನ್ನು ತಾವೇ ಮರೆಮಾಚಿಕೊಳ್ಳುತ್ತವೆ. ಅವಕ್ಕೆ ‘ರೂಟ್‌ಕಿಟ್’ ಎನ್ನುತ್ತಾರೆ. ಅವನ್ನು ಹಿಡಿಯುವ ಸಾಧನವೊಂದನ್ನು ರಸಿನೋವಿಚ್ ಬರೆದಿದ್ದರು. ಅದರ ಹೊಸ ಆವೃತ್ತಿಯನ್ನು ತಮ್ಮ ಕಂಪ್ಯೂಟರಿನಲ್ಲೇ ಓಡಿಸಿ ನೋಡಿದರೆ, ಕಳ್ಳ ಮನೆಯಲ್ಲೇ ಇದ್ದ!

ಕಡತಗಳ ಪಟ್ಟಿಯಲ್ಲಿ ಕಾಣದ, ಆದರೆ ಡಿಸ್ಕಿನಲ್ಲಿರುವ ಒಂದು ಫೋಲ್ಡರು. ಹೆಸರು ಡಾಲರ್ ಚಿಹ್ನೆಯಿಂದ ಶುರುವಾಗಿ, ನಡುವೆ ‘ಸಿಸ್’ ಎಂಬ ಅಕ್ಷರಗಳು, ಮತ್ತೆ ಡಾಲರ್ ಚಿಹ್ನೆ. ಪರೀಕ್ಷೆಗೆಂದು ನೋಟ್‌ಪ್ಯಾಡ್ ಪ್ರೋಗ್ರಾಮಿಗೆ ಅದೇ ಮೊದಲಕ್ಷರಗಳ ಹೆಸರಿಟ್ಟರು. ಅದೂ ಕಣ್ಣೆದುರೇ ಮಾಯ. ಅಂದರೆ ಯಾರೇ ಆಗಲಿ ಆ ಹೆಸರಿಟ್ಟುಕೊಂಡರೆ ಅವರನ್ನೂ ಅದು ಬಚ್ಚಿಡುತ್ತದೆ. ಫೈಲುಗಳ ಒಳಗಿದ್ದ ಕಂಪನಿಯ ಹೆಸರಿನ ಜಾಡು ಹಿಡಿದು ಹೋದರೆ, ಅದು ಇಂಗ್ಲೆಂಡಿನ ಫಸ್ಟ್ ಫೋರ್ ಇಂಟರ್‌ನೆಟ್ ಕಂಪನಿಯ ಹಾಡಿನ ಬೀಗ. ಮನೆಗೆ ಬಂದದ್ದು ಹೇಗೆ? ವ್ಯಾನ್ ಝಾಂಟ್ ಸಹೋದರರ ಹಾಡುಗಳ ಒಂದು ಸಿಡಿಯ ಮೂಲಕ. ದುಡ್ಡು ಕೊಟ್ಟು ಕೊಂಡಿದ್ದ, ಸೋನಿ ಬಿಎಂಜಿ ಹೊರತಂದಿದ್ದ ಅಸಲಿ ಸಿಡಿ ಅದು. ಮೂರು ನಕಲಿಗಿಂತ ಹೆಚ್ಚು ತೆಗೆಯದಿರಲಿ ಎಂದು ಆ ಕಾವಲುಗಾರ ಹೇಳದೆ ಕೇಳದೆ ಅಟ್ಟ ಹತ್ತಿ ಕೂತಿದ್ದ. ಅಡಗಿದ್ದ ಫೈಲುಗಳನ್ನು ಕಿತ್ತು ಹಾಕಿದರೆ ಕಂಪ್ಯೂಟರಿನ ಸಿಡಿ ಡ್ರೈವೇ ಕಾಣೆಯಾಯಿತು.

ಅಕ್ಟೋಬರ್ 31ರಂದು ರಸಿನೋವಿಚ್ ಇದನ್ನೆಲ್ಲ ಹಂತ ಹಂತವಾಗಿ ಬರೆದು ಪ್ರಕಟಿಸಿದರು. ಹತ್ತು ದಿನದಲ್ಲಿ ಆ ಮರೆಯಲ್ಲೇ ಅಡಗುವ ವೈರಸ್ಸುಗಳು ಹೊರಬಿದ್ದವು. ಬೀಗ ತೆಗೆಯಲೆಂದು ಕೊಟ್ಟ ಪ್ರೋಗ್ರಾಂ ಇನ್ನೂ ದೊಡ್ಡ ಕಿಂಡಿ ತೆರೆಯುತ್ತದೆ ಎಂದು ಫೆಲ್ಟನ್, ಹಾಲ್ಡರ್‌ಮನ್ ತೋರಿಸಿದರು. ನವೆಂಬರ್ ಮಧ್ಯಕ್ಕೆ ಸೋನಿ ಬಿಎಂಜಿ ಆ ಸಿಡಿಗಳನ್ನು ವಾಪಸು ಕರೆಸಿತು. 52 ಶೀರ್ಷಿಕೆ, ತಯಾರಾದದ್ದು 47 ಲಕ್ಷ, ಅಷ್ಟರಲ್ಲಿ ಮಾರಾಟವಾಗಿದ್ದದ್ದು 21 ಲಕ್ಷ. ಇನ್ನೂ ಒಂದು ಮಾತು ಉಳಿಯಿತು. ಆ ಬೀಗದ ಒಳಗನ್ನು ಬಿಚ್ಚಿ ನೋಡಿದವರಿಗೆ, ಎಂಪಿ3 ಮಾಡುವ ‘ಲೇಮ್’ ಎಂಬ ಮುಕ್ತ ತಂತ್ರಾಂಶದ ಚೂರುಗಳು ಅಲ್ಲಿ ಸಿಕ್ಕಿದವು. ಅದರ ಲೈಸೆನ್ಸಿನ ಷರತ್ತನ್ನು ಪಾಲಿಸಿರಲಿಲ್ಲ. ನಕಲು ತಡೆಯುವ ಬೀಗದಲ್ಲೇ ನಕಲಿನ ಸರಕು!

ಈ ಇಡೀ ಗಲಾಟೆಯಲ್ಲಿ ಪೆಟ್ಟು ತಿಂದವರು ಯಾರು? ಅಂಗಡಿಗೆ ಹೋಗಿ ಸಿಡಿ ಕೊಂಡವರು. ಅದೇ ಹಾಡನ್ನು ಪುಕ್ಸಟ್ಟೆ ಇಳಿಸಿಕೊಂಡವನ ಎಂಪಿ3ಯಲ್ಲಿ ಕಾವಲುಗಾರನೂ ಇರಲಿಲ್ಲ, ವೈರಸ್ಸಿಗೆ ಅಡಗುತಾಣವೂ ಇರಲಿಲ್ಲ. ಏರಿಯ ಮೇಲೆ ನನ್ನ ಗೆಳೆಯ ಕೇಳಿದ್ದು ಇದನ್ನೇ.

ಅವನ ಪ್ರಶ್ನೆಗೆ ಉತ್ತರ 2002ರ ನವೆಂಬರಿನಲ್ಲೇ ಸಿದ್ಧವಾಗಿತ್ತು. ಪೀಟರ್ ಬಿಡಲ್, ಪಾಲ್ ಇಂಗ್ಲೆಂಡ್, ಮಾರ್ಕಸ್ ಪೈನಾಡೊ, ಬ್ರಯಾನ್ ವಿಲ್‌ಮನ್ ಎಂಬ ನಾಲ್ವರು ಮೈಕ್ರೋಸಾಫ್ಟ್ ಎಂಜಿನಿಯರುಗಳು ‘ಡಾರ್ಕ್‌ನೆಟ್’ ಎಂಬ ಹೆಸರಿಟ್ಟು ಒಂದು ಪ್ರಬಂಧ ಬರೆದರು. ಅದರ ತಿರುಳು ಹೀಗೆ: ಎಷ್ಟೇ ಗಟ್ಟಿ ಬೀಗ ಹಾಕಿ, ಎಲ್ಲೋ ಒಬ್ಬನ ಕೈಯಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಒಂದು ಪ್ರತಿ ಹೊರಬಂದರೆ ಸಾಕು, ಮಿಕ್ಕವರು ಬೀಗ ಒಡೆಯುವ ಗೋಜಿಗೇ ಹೋಗಬೇಕಿಲ್ಲ. ಆಮೇಲೆ ಬೀಗ ಉಳಿಯುವುದು ಅಂಗಡಿಯಲ್ಲಿ ಕೊಂಡ ಪ್ರತಿಗೆ ಮಾತ್ರ. ಮಾರುವವನು ಇದರೊಂದಿಗೆ ಸ್ಪರ್ಧಿಸಬೇಕಾದರೆ ಸಲೀಸಿನಲ್ಲಿ, ಕಮ್ಮಿ ಬೆಲೆಯಲ್ಲಿ ಸ್ಪರ್ಧಿಸಬೇಕು. ಬೀಗ ಬಿಗಿ ಮಾಡಿದಷ್ಟೂ ಅವನ ಸರಕೇ ಕಳಪೆಯಾಗುತ್ತದೆ. ಬೀಗ ಮಾರುವ ಕಂಪನಿಯ ಒಳಗೇ ಕೂತು ಈ ಮಾತು ಬರೆಯುವುದಕ್ಕೆ ಎದೆಗಾರಿಕೆ ಬೇಕು.

ಬೀಗ ಬಿತ್ತು, ಮನೆ ಬಾಡಿಗೆಗೆ ಹೋಯಿತು

2007ರ ಫೆಬ್ರವರಿ 6ರಂದು ಆಪಲ್‌ನ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರದಲ್ಲಿ ಲೆಕ್ಕ ಬಿಡಿಸಿಟ್ಟರು. ಅಲ್ಲಿಯವರೆಗೆ ಮಾರಾಟವಾದ ಐಪಾಡುಗಳು 9 ಕೋಟಿ, ಐಟ್ಯೂನ್ಸ್‌ನಲ್ಲಿ ಕೊಂಡ ಹಾಡುಗಳು 200 ಕೋಟಿ. ಭಾಗಿಸಿದರೆ ಒಂದು ಐಪಾಡಿಗೆ 22 ಹಾಡು. ಸಾವಿರ ಹಾಡು ಹಿಡಿಯುವ ಪೆಟ್ಟಿಗೆಯಲ್ಲಿ ಬೀಗವಿರುವುದು ನೂರಕ್ಕೆ ಮೂರಕ್ಕಿಂತ ಕಮ್ಮಿ. ಇತ್ತ ಕಂಪನಿಗಳು ಬೀಗವಿಲ್ಲದ ಸಿಡಿಗಳಲ್ಲಿ 2006 ಒಂದೇ ವರ್ಷ 2,000 ಕೋಟಿಗೂ ಹೆಚ್ಚು ಹಾಡು ಮಾರಿದ್ದವು. ಹೆಬ್ಬಾಗಿಲು ತೆರೆದೇ ಇರುವಾಗ ಕಿಟಕಿಯ ಚಿಲಕಕ್ಕೆ ಏನು ಬೆಲೆ? ಏಪ್ರಿಲ್ 2ರಂದು ಇಎಂಐ ಎಂಬ ಹಾಡಿನ ಕಂಪನಿ ಬೀಗ ತೆಗೆಯಲು ಒಪ್ಪಿತು. 2009ರ ಜನವರಿ ಹೊತ್ತಿಗೆ ಉಳಿದವರೂ ಒಪ್ಪಿದರು.

ನಮ್ಮ ಕಡೆ ಈ ಗಾಳಿ ಬೀಸಿದ್ದು 2012ರಲ್ಲಿ, ಅದೂ ಎರಡು ದಿಕ್ಕಿನಿಂದ. ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದು ಬೀಗವಿಲ್ಲದ ಎಂಪಿ3 ಮಾರತೊಡಗಿತು. ಕೊಂಡವನು ಫೋನಿಗಾದರೂ ಹಾಕಿಕೊಳ್ಳಲಿ, ಕಾರಿಗಾದರೂ ಹಾಕಿಕೊಳ್ಳಲಿ. ಅದೇ ಜೂನ್ 21ರಂದು ಜಾರಿಗೆ ಬಂದ ಕಾಪಿರೈಟ್ ತಿದ್ದುಪಡಿ ಕಾಯ್ದೆ 65ಎ ಎಂಬ ಹೊಸ ಕಲಂ ತಂದಿತು: ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದವರಿಗೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವ ವಿನಾಯಿತಿ ಮಾತ್ರ 52ನೇ ಕಲಮಿನಲ್ಲಿ ಉಳಿಯಿತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಬರೆದುಕೊಟ್ಟು ಕಳೆದುಕೊಳ್ಳದಂತೆ ಕಾಪಾಡಿದ್ದೂ ಇದೇ ತಿದ್ದುಪಡಿ. ನನ್ನ ಕೇಳಿದರೆ ಕಲಾವಿದರಿಗೆ ಬೀಗಕ್ಕಿಂತ ಆಸರೆಯಾಗುವುದು ಆ ಪಾಲು.

ಬೀಗವಿಲ್ಲದ ‘ಫ್ಲೈಟ್’ 2013ರ ಜೂನ್‌ನಲ್ಲಿ ಬಾಗಿಲು ಹಾಕಿತು. ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಕಾರ್ಡಿಗೆ ನೂರಾರು ಹಾಡು ತುಂಬಿಸಿಕೊಡುವ ನಾಡಿನಲ್ಲಿ ಒಂದೊಂದಾಗಿ ಹಾಡು ಮಾರುವುದು ಸುಲಭದ ವ್ಯಾಪಾರವಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಕಾರ್ಡಿನ ಅಂಗಡಿಗಳೂ ಒಂದೊಂದಾಗಿ ಕವರು, ಚಾರ್ಜರು ಮಾರುವ ಅಂಗಡಿಗಳಾದವು. ಈಗ ಹಾಡು ಕೊಳ್ಳುವವರೇ ಅಪರೂಪ. ತಿಂಗಳ ಬಾಡಿಗೆ ಕಟ್ಟು, ಕೇಳು. ಆ್ಯಪಿನಲ್ಲಿ ಇಳಿಸಿಟ್ಟುಕೊಂಡ ಹಾಡು ಆ್ಯಪಿನೊಳಗೇ ಇರುತ್ತದೆ, ಗೂಢಲಿಪಿಯಲ್ಲಿ. ಬಾಡಿಗೆ ನಿಂತರೆ ಅದರ ಬಾಯಿಯೂ ಕಟ್ಟಿತು. ಗೆಳೆಯನಿಗೆ ಈಗ ಹಾಡಿನ ಬದಲು ಲಿಂಕ್ ಕಳಿಸುತ್ತೇವೆ. ಅವನೂ ಅದೇ ಅಂಗಡಿಗೆ ಹೋಗಬೇಕು. ಮೋರಿಯವರ ಸಂಬಳವಿಲ್ಲದ ಸೇಲ್ಸ್‌ಮನ್ ಕೊನೆಗೂ ಕೆಲಸಕ್ಕೆ ಸೇರಿಕೊಂಡ.

ಇನ್ನು ಏರಿಯ ಮೇಲಿನ ಆ ಸಂಜೆಯ ಕತೆ. ಚೀಟಿಗೆ ಸೋತು ನಾನು ಫೋನನ್ನು ಜೇಬಿಗಿಳಿಸುವಷ್ಟರಲ್ಲಿ ಗೆಳೆಯ ತಡೆದ. ನನ್ನ ಫೋನಿನಲ್ಲಿ ರಿಂಗ್‌ಟೋನ್ ಜೋರಾಗಿ ಹಾಕಿಸಿದ, ತನ್ನ ಫೋನಿನ ರೆಕಾರ್ಡರ್ ಒತ್ತಿದ, ಎರಡನ್ನೂ ಮುಖಾಮುಖಿ ಹಿಡಿದು ಅಂಗೈಯನ್ನು ಗುಡಿಸಲಿನಂತೆ ಮುಚ್ಚಿದ. ಬೀಗ ಎಷ್ಟೇ ಗಟ್ಟಿಯಿದ್ದರೂ ಹಾಡು ಕೊನೆಗೆ ಕಿವಿಗೆ ಬೀಳಲೇಬೇಕಲ್ಲ! ಈ ಕಿಂಡಿಗೆ ಎಂಜಿನಿಯರುಗಳು ‘ಅನಲಾಗ್ ಹೋಲ್’ ಎಂಬ ಹೆಸರಿಟ್ಟಿದ್ದಾರೆ, ಮುಚ್ಚುವ ದಾರಿ ಇನ್ನೂ ಸಿಕ್ಕಿಲ್ಲ. ಹೆಸರು ಗೊತ್ತಿಲ್ಲದೆ ಅದನ್ನು ಅವನು ಅರ್ಧ ನಿಮಿಷದಲ್ಲಿ ಕಂಡುಹಿಡಿದಿದ್ದ.

ಅದೇ ಹೊತ್ತಿಗೆ ಕುರಿ ಮಂದೆಯೊಂದು ಏರಿ ಹತ್ತಿ ಬಂತು. ಹಾಗಾಗಿ ಅವನ ಪ್ರತಿಯಲ್ಲಿ, ಪಲ್ಲವಿ ಎರಡನೇ ಸಲ ಏರುವ ಕಡೆ ಒಂದು ಮರಿ ಜೋರಾಗಿ ಅರಚುತ್ತದೆ. ನಾನು ₹15 ಕೊಟ್ಟು ಕೊಂಡದ್ದು ಆ ಫೋನು ಕೆಟ್ಟಾಗ ಅದರೊಂದಿಗೇ ಹೋಯಿತು. ಕುರಿಮರಿಯ ಪ್ರತಿ ಮೂರು ಫೋನು ದಾಟಿ ಈಗಲೂ ಅವನ ಜೇಬಿನಲ್ಲಿದೆ. ಮನೆಯವರು ಫೋನು ಮಾಡಿದರೆ ಅದೇ ಅರಚುವುದು.